ಸ್ಯಾಂಡ್ ಹಾಲೋದಲ್ಲಿ ಎರಡು ಬೆಳಗು: ಮರಳಿಗೊಂದು, ನೀರಿಗೊಂದು

ಅಮೆರಿಕದ ಯೂಟಾ ರಾಜ್ಯದ ನೈಋತ್ಯ ಮೂಲೆಯಲ್ಲಿ, ಹರಿಕೇನ್ ಅನ್ನೋ ಊರಿನ ಪಕ್ಕ, ಸ್ಯಾಂಡ್ ಹಾಲೋ ಸ್ಟೇಟ್ ಪಾರ್ಕ್ ಇದೆ. ಕೆಂಪು ಬಂಡೆಗಳ ನಡುವೆ ನೀಲಿ ನೀರು, ನೀರಿನ ಆಚೆ ದಡದಿಂದಲೇ ಶುರುವಾಗುವ ಕೆಂಪು ಮರಳಿನ ದಿಬ್ಬಗಳು. ಬೆಳಿಗ್ಗೆ ಮರಳಿನ ಮೇಲೆ ಗಾಡಿ ಓಡಿಸಿ ಮಧ್ಯಾಹ್ನ ಈಜಬಹುದಾದ ಜಾಗ ಬಹಳ ಇಲ್ಲ. ಅದಕ್ಕೇ ಲಾಸ್ ವೇಗಸ್ ಕಡೆಯಿಂದ, ಝಯಾನ್ ನ್ಯಾಷನಲ್ ಪಾರ್ಕ್ ನೋಡಲು ಬಂದವರ ಕಡೆಯಿಂದ, ಜನ ಇಲ್ಲಿಗೆ ಸುರಿಯುತ್ತಾರೆ.

ಹೆಚ್ಚಿನವರು ಇದನ್ನು ಒಂದು ದಿನದ ಪ್ರವಾಸ ಅಂದುಕೊಂಡು ಬರುತ್ತಾರೆ. ಹತ್ತು ಗಂಟೆಗೆ ಗೇಟು, ಹನ್ನೊಂದಕ್ಕೆ ಬಾಡಿಗೆ ಗಾಡಿ, ಮೂರಕ್ಕೆ ನೀರು. ಇದು ತಲೆಕೆಳಗಾದ ಲೆಕ್ಕ. ಹನ್ನೊಂದು ಗಂಟೆಗೆ ಮರಳು ಸುಡುತ್ತಿರುತ್ತದೆ, ಮೂರಕ್ಕೆ ಗಾಳಿ ಎದ್ದು ನೀರು ಕಲಕಿರುತ್ತದೆ. ಮರಳಿಗೂ ನೀರಿಗೂ ಒಳ್ಳೇ ಹೊತ್ತು ಬೆಳಗಿನದೇ. ಹಾಗಾಗಿ ನನ್ನ ಮಾತು ಇಷ್ಟೇ: ಎರಡು ರಾತ್ರಿ ಉಳಿಯಿರಿ, ಒಂದು ಬೆಳಗನ್ನು ಮರಳಿಗೆ ಕೊಡಿ, ಇನ್ನೊಂದನ್ನು ನೀರಿಗೆ ಕೊಡಿ. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಮೊದಲು ಜಾಗದ ಪರಿಚಯ

ಪಾರ್ಕ್ ಸುಮಾರು 20,000 ಎಕರೆ. ಅದರಲ್ಲಿ ಜಲಾಶಯ 1,300 ಎಕರೆಗಿಂತ ಸ್ವಲ್ಪ ಜಾಸ್ತಿ. ಸ್ಯಾಂಡ್ ಮೌಂಟನ್ ಅಂತ ಕರೆಯುವ ದಿಬ್ಬ ಮತ್ತು ಬಂಡೆಗಳ ಪ್ರದೇಶವೇ ಹತ್ತಿರ ಹತ್ತಿರ 15,000 ಎಕರೆ. ಅಂದರೆ ಹೆಸರಿಗೆ ಕೆರೆ, ನಿಜದಲ್ಲಿ ಮರಳಿನ ರಾಜ್ಯ.

ಜಲಾಶಯ ಹಳೆಯದಲ್ಲ. ಕಟ್ಟೆ ಕೆಲಸ 2002ರ ಹೊತ್ತಿಗೆ ಮುಗಿಯಿತು, ಪಾರ್ಕ್ ತೆರೆದದ್ದು 2003ರಲ್ಲಿ. ಇಲ್ಲಿ ಯಾವ ನದಿಗೂ ಅಡ್ಡ ಅಣೆಕಟ್ಟು ಕಟ್ಟಿಲ್ಲ. ವರ್ಜಿನ್ ನದಿಯ ನೀರನ್ನು ಪೈಪಿನಲ್ಲಿ ತಂದು ಈ ತಗ್ಗಿಗೆ ತುಂಬಿಸುತ್ತಾರೆ. ತಳದಲ್ಲಿರುವುದು ನವಾಹೊ ಮರಳುಗಲ್ಲು. ಅದು ನೀರನ್ನು ಮೆಲ್ಲಗೆ ಕುಡಿಯುತ್ತದೆ. ಬೇರೆ ಕಡೆ ಸೋರುವ ಜಲಾಶಯ ಅಂದರೆ ಎಂಜಿನಿಯರುಗಳಿಗೆ ತಲೆನೋವು, ಇಲ್ಲಿ ಸೋರಲಿ ಅಂತಲೇ ಕಟ್ಟಿದ್ದಾರೆ. ಸೋರಿದ ನೀರು ಅಂತರ್ಜಲಕ್ಕೆ ಸೇರುತ್ತದೆ, ಅದನ್ನು ಸುತ್ತಲಿನ ಬಾವಿಗಳಿಂದ ಮೇಲೆತ್ತಿ ಈ ಪ್ರದೇಶವಿರುವ ವಾಷಿಂಗ್ಟನ್ ಕೌಂಟಿಯ (ಜಿಲ್ಲೆಯ) ಮನೆಗಳಿಗೆ ಕೊಡುತ್ತಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಹೋದ ವರ್ಷ ನೀರೊಳಗಿದ್ದ ಬಂಡೆ ಈ ವರ್ಷ ಮೇಲೆ ಕಾಣಬಹುದು. ಅದಕ್ಕಿಂತ ಅಪಾಯದ್ದು, ಮೇಲಿಂದ ಒಂದಡಿ ಕೆಳಗೆ ಕಾಣದಂತೆ ಕೂತಿರಬಹುದು. ದೋಣಿ ಓಡಿಸುವವರಿಗೂ ಬಂಡೆಯಿಂದ ಹಾರುವವರಿಗೂ ಇದು ನೆನಪಿರಬೇಕು.

ಮರಳಿನ ಕಥೆ ಇನ್ನೂ ಸೊಗಸು. ಸುತ್ತಲಿನ ಕೆಂಪು ಬಂಡೆ ಜುರಾಸಿಕ್ ಕಾಲದ್ದು, 18 ಕೋಟಿ ವರ್ಷಕ್ಕೂ ಹಿಂದಿನದು. ಆಗ ಅದೂ ಮರಳುದಿಬ್ಬವೇ ಆಗಿತ್ತು. ಆ ದಿಬ್ಬ ಕಲ್ಲಾಯಿತು, ಕಲ್ಲು ಸವೆದು ಮತ್ತೆ ಮರಳಾಯಿತು, ಮರಳನ್ನು ಗಾಳಿ ಮತ್ತೆ ದಿಬ್ಬ ಮಾಡಿತು. ಕಣಗಳ ಮೇಲೆ ಸವರಿದಂತಿರುವ ಕಬ್ಬಿಣದ ಆಕ್ಸೈಡ್‌ನಿಂದ ಈ ಕೆಂಪು. ಬಿಳಿ ಅಂಗಿ ಮಾತ್ರ ಮನೆಯಲ್ಲೇ ಇರಲಿ. ಈ ಕೆಂಪು ಸುಲಭವಾಗಿ ಬಿಡುವುದಿಲ್ಲ.

ಹಂತ 1: ಯಾವಾಗ ಹೋಗಬೇಕು

ಇಲ್ಲಿನ ಬೇಸಿಗೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹತ್ತಿರದ ಸೇಂಟ್ ಜಾರ್ಜ್ ಊರಲ್ಲಿ 1985ರ ಜುಲೈ 5ರಂದು 117 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 47 ಸೆಲ್ಸಿಯಸ್, ದಾಖಲಾಗಿತ್ತು. 2021ರ ಜುಲೈನಲ್ಲಿ ಮತ್ತೆ ಅದೇ ಅಂಕಿ ಮುಟ್ಟಿತು. ಜುಲೈ, ಆಗಸ್ಟಿನ ಮಾಮೂಲಿ ಮಧ್ಯಾಹ್ನವೇ 38 ಸೆಲ್ಸಿಯಸ್ ದಾಟುತ್ತದೆ. ಆ ತಿಂಗಳುಗಳಲ್ಲಿ ಬರುವುದಾದರೆ ನೀರಿಗಾಗಿ ಬನ್ನಿ, ಮರಳನ್ನು ಸೂರ್ಯ ಹುಟ್ಟುವ ಹೊತ್ತಿಗೆ ಮುಗಿಸಿಬಿಡಿ.

ಮಾರ್ಚ್, ಏಪ್ರಿಲ್ ಮರಳಿಗೆ ಚೆನ್ನ, ಆದರೆ ಗಾಳಿ ಜಾಸ್ತಿ, ನೀರು ಇನ್ನೂ ತಣ್ಣಗೆ. ಹೊರಗೆ 27 ಡಿಗ್ರಿ ಇದ್ದರೂ ನೀರಿಗೆ ಬಿದ್ದ ಕೂಡಲೇ ಉಸಿರು ಕಟ್ಟಿದಂತಾಗುತ್ತದೆ. ಮೇ ಕೊನೆಯಿಂದ ನೀರು ಹದಕ್ಕೆ ಬರುತ್ತದೆ. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗು ಮಳೆ ಬರಬಹುದು. ದೂರದಲ್ಲಿ ಮೋಡ ಕಪ್ಪಾದರೆ ದಿಬ್ಬದ ನೆತ್ತಿಯಿಂದಲೂ ನೀರಿನಿಂದಲೂ ಇಳಿದುಬನ್ನಿ.

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ. ನೀರಿನಲ್ಲಿ ಬೇಸಿಗೆಯ ಬಿಸುಪು ಇನ್ನೂ ಉಳಿದಿರುತ್ತದೆ, ಮರಳು ಸುಡುವುದು ಬಿಟ್ಟಿರುತ್ತದೆ, ಶಾಲೆ ಶುರುವಾಗಿ ಜನ ಕಡಿಮೆ. ಮೆಮೋರಿಯಲ್ ಡೇ (ಮೇ ಕೊನೆಯ ಸೋಮವಾರದ ರಜೆ), ಈಸ್ಟರ್, ಜುಲೈ 4ರ ವಾರಾಂತ್ಯಗಳನ್ನು ಬಿಟ್ಟುಬಿಡಿ. ಪಾರ್ಕ್ ತುಂಬಿದರೆ ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ.

ಹಂತ 2: ಮನೆಯಲ್ಲೇ ಮುಗಿಸಬೇಕಾದ ಕಾಗದ ಪತ್ರ

ಬೇಜಾರಿನ ಕೆಲಸ, ನಿಜ. ಆದರೆ ಇದನ್ನು ಬಿಟ್ಟರೆ ಅಲ್ಲಿ ಒಂದು ಬೆಳಗು ಫೋನ್ ಹಿಡಿದುಕೊಂಡೇ ಕಳೆಯುತ್ತದೆ.

ಆಫ್-ರೋಡ್ ಗಾಡಿ ಓಡಿಸುವವರಿಗೆ ಯೂಟಾದಲ್ಲಿ 2023ರಿಂದ ಒಂದು ತರಬೇತಿ ಕೋರ್ಸ್ ಕಡ್ಡಾಯ. 18 ದಾಟಿದವರಿಗೆ ಅದು ಆನ್‌ಲೈನ್‌ನಲ್ಲಿ ಉಚಿತ. ಒಮ್ಮೆ ಮಾಡಿದರೆ ಮುಗಿಯಿತು. ಬಾಡಿಗೆ ಗಾಡಿ ಓಡಿಸುವವರಿಗೂ ಇದು ಬೇಕು, ಬಾಡಿಗೆ ಅಂಗಡಿಯವರೂ ಸರ್ಟಿಫಿಕೇಟ್ ಕೇಳುತ್ತಾರೆ. ಓಡಿಸುವ ಪ್ರತಿಯೊಬ್ಬರೂ ಮಾಡಬೇಕು, ಒಬ್ಬರು ಮಾಡಿದರೆ ಸಾಲದು. ಮಕ್ಕಳಿಗೆ ಬೇರೆ ಕೋರ್ಸ್ ಇದೆ, ಅದಕ್ಕೆ ಶುಲ್ಕ ಉಂಟು. ಬೇರೆ ರಾಜ್ಯದಿಂದ ಸ್ವಂತ ಗಾಡಿ ತರುವವರು ಯೂಟಾದ ಹೊರರಾಜ್ಯ ಪರ್ಮಿಟ್ ಕೂಡ ಕೊಂಡು ಅಂಟಿಸಿಕೊಳ್ಳಬೇಕು.

ಮೀನು ಹಿಡಿಯುವ ಆಸೆ ಇದ್ದರೆ 12 ವರ್ಷ ತುಂಬಿದ ಎಲ್ಲರಿಗೂ ಲೈಸೆನ್ಸ್ ಬೇಕು. ಕೆಲವೇ ದಿನದ ಲೈಸೆನ್ಸ್ ಸಿಗುತ್ತದೆ, ವರ್ಷದ್ದು ತೆಗೆದುಕೊಳ್ಳಬೇಕಿಲ್ಲ.

ಕ್ಯಾಂಪ್ ಜಾಗ ನಾಲ್ಕು ತಿಂಗಳು ಮೊದಲೇ ಬುಕ್ಕಿಂಗ್‌ಗೆ ತೆರೆಯುತ್ತದೆ. ವಸಂತ ಮತ್ತು ಶರತ್ಕಾಲದ ವಾರಾಂತ್ಯಗಳು ತೆರೆದ ದಿನವೇ ಖಾಲಿಯಾಗುವುದುಂಟು. ಪಾರ್ಕಿನಲ್ಲಿ ಎರಡು ಕ್ಯಾಂಪ್‌ಗ್ರೌಂಡ್ ಇವೆ. ವೆಸ್ಟ್‌ಸೈಡ್ ಮೋಟಾರ್ ಹೋಮ್‌ನವರಿಗೆ, ವಿದ್ಯುತ್, ನೀರಿನ ಸೌಕರ್ಯ ಇದೆ. ಸ್ಯಾಂಡ್‌ಪಿಟ್ ಚಿಕ್ಕದು, ಟೆಂಟಿನವರಿಗೂ ಆಗುತ್ತದೆ. ಜಾಗ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹರಿಕೇನ್, ಸೇಂಟ್ ಜಾರ್ಜ್ ಎರಡರಲ್ಲೂ ಹೋಟೆಲ್‌ಗಳಿವೆ. ಕ್ಯಾಂಪ್ ಮಾಡಿದರೆ ಸಿಗುವ ಲಾಭ ಒಂದೇ, ಬೆಳಗಿನ ಐದೂವರೆಗೆ ನೀವು ಮರಳಿನ ಪಕ್ಕದಲ್ಲೇ ಇರುತ್ತೀರಿ. ನಮ್ಮ ಲೆಕ್ಕಕ್ಕೆ ಅದೇನೂ ಸಣ್ಣ ಲಾಭ ಅಲ್ಲ.

ಇನ್ನೊಂದು ವಿಷಯದಲ್ಲಿ ತುಂಬಾ ಜನ ಗೇಟಿನಲ್ಲಿ ಪೆಚ್ಚಾಗುತ್ತಾರೆ. ಝಯಾನ್‌ಗೆ ನಡೆಯುವ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇಲ್ಲಿ ನಡೆಯುವುದಿಲ್ಲ. ಇದು ರಾಜ್ಯದ ಪಾರ್ಕ್, ಶುಲ್ಕ ಬೇರೆ. ಹೊರರಾಜ್ಯದ ಗಾಡಿಗೆ ಸ್ಥಳೀಯರಿಗಿಂತ ಜಾಸ್ತಿ.

ಹಂತ 3: ತಲುಪುವುದು

ಲಾಸ್ ವೇಗಸ್‌ನಿಂದ ಇಂಟರ್‌ಸ್ಟೇಟ್ 15ರಲ್ಲಿ ಉತ್ತರಕ್ಕೆ ಎರಡು ಗಂಟೆ ಚಿಲ್ಲರೆ. ನಡುವೆ ಅರಿಜೋನಾದ ಮೂಲೆಯೊಂದನ್ನು ದಾಟುತ್ತೀರಿ. ವರ್ಜಿನ್ ನದಿಯ ಕಣಿವೆಯೊಳಗೆ ರಸ್ತೆ ತಿರುಗುತ್ತಾ ಏರುತ್ತದೆ, ಕಿಟಕಿ ಪಕ್ಕದ ಸೀಟಿಗೆ ಮಕ್ಕಳು ಜಗಳವಾಡುವಷ್ಟು ಚೆಂದ. ಸೇಂಟ್ ಜಾರ್ಜ್ ದಾಟಿ 16ನೇ ಎಕ್ಸಿಟ್‌ನಲ್ಲಿ ಹರಿಕೇನ್ ಕಡೆಯ ರಾಜ್ಯ ಹೆದ್ದಾರಿ 9 ಹಿಡಿದು, ಸ್ಯಾಂಡ್ ಹಾಲೋ ರಸ್ತೆಗೆ ದಕ್ಷಿಣಕ್ಕೆ ತಿರುಗಿದರೆ ಪಾರ್ಕ್. ಝಯಾನ್ ಕಡೆಯಿಂದ ಬರುವವರಿಗೆ ಮುಕ್ಕಾಲು ಗಂಟೆ ಸುಮಾರು.

ಗಡಿಯಾರ ನೋಡಿಕೊಳ್ಳಿ. ನೆವಾಡಾಕ್ಕಿಂತ ಯೂಟಾ ಒಂದು ಗಂಟೆ ಮುಂದೆ. ಬೆಳಿಗ್ಗೆ 7ಕ್ಕೆ ಬಾಡಿಗೆ ಗಾಡಿ ಬುಕ್ ಮಾಡಿದವರು ವೇಗಸ್‌ನಿಂದ 5ಕ್ಕೆ ಹೊರಟರೆ ಅವರ ಒಂದು ಗಂಟೆ ಗಡಿಯಲ್ಲೇ ಕಳೆದುಹೋಗುತ್ತದೆ.

ಪೆಟ್ರೋಲ್, ಐಸ್, ಕುಡಿಯುವ ನೀರು ಹರಿಕೇನ್‌ನಲ್ಲೇ ತುಂಬಿಸಿಕೊಳ್ಳಿ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರ್ ಹತ್ತಿರ ನೀರು. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಇರಲಿ. ಬರೀ ನೀರು ಸಾಲದು, ಉಪ್ಪಿನಂಶ ಇರುವ ತಿಂಡಿಯೋ ಮಜ್ಜಿಗೆಯೋ ಜೊತೆಗಿರಲಿ.

ಹಂತ 4: ಮೊದಲ ಬೆಳಗು, ಮರಳು

ಯಾವ ಗಾಡಿ ಅನ್ನುವುದು ಮೊದಲ ಪ್ರಶ್ನೆ. ಹೊಸಬರಿಗೆ ಅಕ್ಕಪಕ್ಕ ಕೂರುವ, ರೋಲ್ ಕೇಜ್ (ಉರುಳಿದರೂ ಒಳಗಿನವರನ್ನು ಕಾಯುವ ಕಬ್ಬಿಣದ ಚೌಕಟ್ಟು) ಮತ್ತು ಬೆಲ್ಟ್ ಇರುವ ಸೈಡ್-ಬೈ-ಸೈಡ್ ಒಳ್ಳೆಯದು. ನಾಲ್ಕು ಚಕ್ರದ ಎಟಿವಿ ಮೇಲೆ ಕುದುರೆ ಸವಾರಿಯಂತೆ ಕೂರಬೇಕು, ಬಿದ್ದರೆ ಗಾಡಿ ಮೈಮೇಲೆ. ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಪಡೆದ ಮಾಮೂಲಿ ಎಸ್‌ಯುವಿಯನ್ನು ಮರಳಿಗೆ ಇಳಿಸುವ ಯೋಚನೆ ಬೇಡ. ಅಂಥ ಕರಾರುಗಳಲ್ಲಿ ಆಫ್-ರೋಡ್ ಓಡಾಟಕ್ಕೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ, ಎಳೆದು ತೆಗೆಯುವ ಖರ್ಚೂ ನಿಮ್ಮ ತಲೆಗೇ ಬರುತ್ತದೆ. ಓಡಿಸುವ ಧೈರ್ಯ ಇಲ್ಲದಿದ್ದರೆ ಗೈಡ್ ಜೊತೆ ಹೋಗುವ ಟೂರ್‌ಗಳಿವೆ. ಮರ್ಯಾದೆಗೆ ಕಡಿಮೆ ಅಂದುಕೊಳ್ಳಬೇಡಿ. ಮೊದಲ ಸಲಕ್ಕೆ ಅದೇ ಜಾಣತನ.

ಗಾಡಿ ಹಿಂದೆ ಎತ್ತರದ ಕೋಲು, ತುದಿಗೆ ಕೆಂಪು ಅಥವಾ ಕಿತ್ತಳೆ ಬಾವುಟ ಇರಲೇಬೇಕು. ಯೂಟಾದ ದಿಬ್ಬಗಳಲ್ಲಿ ಕೇಳುವ ಅಳತೆ 6 ಇಂಚು x 12 ಇಂಚು, ನೆಲದಿಂದ 8 ಅಡಿ ಎತ್ತರ. ದಿಬ್ಬದ ಆಚೆ ಬದಿಯಿಂದ ಏರಿ ಬರುತ್ತಿರುವ ಗಾಡಿ ನಿಮಗೆ ಕಾಣುವ ಮೊದಲು ಕಾಣುವುದು ಆ ಬಾವುಟವೇ. 18ರೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ, ಉಳಿದವರಿಗೂ ನಾನು ಅದನ್ನೇ ಹೇಳುತ್ತೇನೆ. ಕನ್ನಡಕ ಅಲ್ಲ, ಮುಖಕ್ಕೆ ಅಂಟಿ ಕೂರುವ ಗಾಗಲ್ಸ್ ಬೇಕು. ಮುಂದಿನ ಗಾಡಿ ಎಬ್ಬಿಸುವ ಮರಳು ಕನ್ನಡಕದ ಸಂದಿಯಿಂದ ನುಗ್ಗುತ್ತದೆ.

ಮದ್ಯದ ವಿಷಯ: ರಕ್ತದಲ್ಲಿನ ಮದ್ಯಕ್ಕೆ ಯೂಟಾದ ಮಿತಿ ಶೇಕಡಾ 0.05, ಬೇರೆ ರಾಜ್ಯಗಳ 0.08ಕ್ಕಿಂತ ಕಡಿಮೆ. ರಸ್ತೆ ಕಾರಿಗೆ ಮಾತ್ರವಲ್ಲ, ಮರಳಿನ ಗಾಡಿಗೂ ಮೋಟಾರ್ ದೋಣಿಗೂ ಅದೇ.

*ಟೈರಿನ ಗಾಳಿ.* ಸ್ವಂತ ಜೀಪ್ ಅಥವಾ ಟ್ರಕ್ ತಂದವರಿಗೆ ಇದು ಎಲ್ಲಕ್ಕಿಂತ ಮುಖ್ಯ. ರಸ್ತೆಯಲ್ಲಿ 35 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಇದ್ದದ್ದನ್ನು ಮರಳಿಗೆ 15ರಿಂದ 18ಕ್ಕೆ ಇಳಿಸಿ. ವಾಲ್ವಿನ ಮುಚ್ಚಳ ತೆಗೆದು ಒಳಗಿನ ಪಿನ್ ಒತ್ತಿ ಹಿಡಿದರೆ ಬುಸ್ ಅಂತ ಗಾಳಿ ಬರುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಗೇಜ್ ಇಟ್ಟು ನೋಡಿ. ಹದ ಬಂದಾಗ ಟೈರಿನ ಪಕ್ಕೆ ನೆಲದ ಹತ್ತಿರ ಸ್ವಲ್ಪ ಉಬ್ಬಿರುತ್ತದೆ, ನೆಲಕ್ಕೆ ತಾಗುವ ಭಾಗ ಉದ್ದವಾಗಿರುತ್ತದೆ. ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಚಕ್ರ ಮರಳನ್ನು ಅಗೆಯುವ ಬದಲು ಅದರ ಮೇಲೆ ತೇಲುತ್ತದೆ. ಇನ್ನೂ ಇಳಿಸಿದರೆ ಇನ್ನೂ ಚೆನ್ನ ಅಂದುಕೊಳ್ಳಬೇಡಿ. ತೀರಾ ಕಡಿಮೆಯಾದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿ ಬರಬಹುದು. ಗಾಳಿ ಇಳಿಸಿದ ಮೇಲೆ ಜೋರು ಬೇಡ, ಹಠಾತ್ ತಿರುವು ಬೇಡ. ವಾಪಸ್ ತುಂಬಿಸಲು ಚಿಕ್ಕ ಕಂಪ್ರೆಸರ್ ಜೊತೆಗಿರಲಿ.

*ದಿಬ್ಬವನ್ನು ಓದುವುದು.* ಬೆಳಗಿನ ಹೊತ್ತಿಗೇ ಯಾಕೆ ಹೋಗಬೇಕು ಅನ್ನುವುದಕ್ಕೆ ತಂಪು ಅರ್ಧ ಕಾರಣ ಅಷ್ಟೇ. ಇನ್ನರ್ಧ ಕಾರಣ ನೆರಳು. ಸೂರ್ಯ ಕೆಳಗಿರುವಾಗ ಪ್ರತಿ ಅಂಚಿಗೂ ಒಂದು ನೆರಳಿನ ಗೆರೆ ಇರುತ್ತದೆ. ಎಲ್ಲಿ ಏರು, ಎಲ್ಲಿ ಗುಂಡಿ, ಎಲ್ಲಿ ನೆತ್ತಿ ಚೂಪಾಗಿದೆ ಅನ್ನುವುದು ದೂರದಿಂದಲೇ ಕಾಣುತ್ತದೆ. ನಡು ಮಧ್ಯಾಹ್ನ ಈ ನೆರಳೆಲ್ಲ ಮಾಯವಾಗಿ ಇಡೀ ದಿಬ್ಬ ಒಂದೇ ಬಣ್ಣದ ಬಟ್ಟೆ ಹಾಸಿದಂತೆ ಕಾಣುತ್ತದೆ. ಅದರಲ್ಲಿ ಹತ್ತಡಿ ಆಳದ ಬೋಗುಣಿ ಗುಂಡಿ ಇದ್ದರೂ ಮೂಗಿನ ತುದಿಗೆ ಬರುವವರೆಗೆ ಗೊತ್ತಾಗುವುದಿಲ್ಲ.

ಗಾಳಿ ಬೀಸುವ ಕಡೆ ದಿಬ್ಬದ ಮೈ ಉದ್ದ, ಸಾವಕಾಶವಾದ ಏರು. ಅಲ್ಲಿ ಮರಳು ಬಿಗಿಯಾಗಿ ಕೂತಿರುತ್ತದೆ, ಮೇಲೆ ಸಣ್ಣ ಅಲೆಯಂಥ ಗೆರೆಗಳಿರುತ್ತವೆ. ಆಚೆ ಬದಿ ಕಡಿದು. ನೆತ್ತಿ ದಾಟಿದ ಮರಳು ಅಲ್ಲಿ ಜಾರಿ ಬಿದ್ದು ನಿಲ್ಲುತ್ತದೆ, ಒಣ ಮರಳು ನಿಲ್ಲಬಲ್ಲ ಗರಿಷ್ಠ ಓರೆ ಸುಮಾರು 30ರಿಂದ 34 ಡಿಗ್ರಿ. ಆ ಮುಖ ನುಣುಪು, ಗೆರೆ ಇಲ್ಲ, ಕಾಲಿಟ್ಟರೆ ಮೊಣಕಾಲುವರೆಗೆ ಇಳಿಯುತ್ತದೆ. ಏರುವುದು ಗೆರೆ ಇರುವ ಮೈಯಿಂದ, ನುಣುಪು ಮುಖದಿಂದ ಅಲ್ಲ. ಗೆರೆ ಇದ್ದರೆ ಸಾಮಾನ್ಯವಾಗಿ ಗಟ್ಟಿ, ನುಣುಪಿದ್ದರೆ ಮೆತ್ತಗೆ. ಇಷ್ಟು ಗೊತ್ತಿದ್ದರೆ ಅರ್ಧ ಪಾಲು ಹೂತುಕೊಳ್ಳುವಿಕೆ ತಪ್ಪುತ್ತದೆ. ಗಾಳಿ ರಾತ್ರೋರಾತ್ರಿ ಆಕಾರ ಬದಲಿಸುತ್ತದೆ, ಆದ್ದರಿಂದ ನಿನ್ನೆಯ ಚಕ್ರದ ಗುರುತನ್ನು ಕಣ್ಣುಮುಚ್ಚಿ ನಂಬಬೇಡಿ.

*ಏರುವುದು, ಇಳಿಯುವುದು.* ಗಾಡಿಯನ್ನು ಫೋರ್ ವೀಲ್‌ಗೆ ಹಾಕಿ. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆರಿಸಿ, ಇಲ್ಲದಿದ್ದರೆ ನಡು ಏರಿನಲ್ಲಿ ಅದು ಎಂಜಿನ್ನಿನ ಶಕ್ತಿ ಕತ್ತರಿಸುತ್ತದೆ. ಬುಡದಲ್ಲೇ ಬೇಕಾದ ವೇಗ ಹಿಡಿದು, ಒಂದೇ ಸಮನೆ ಆಕ್ಸಿಲರೇಟರ್ ಒತ್ತಿ, ನೇರ ಏರಿ. ನೆತ್ತಿ ಹತ್ತಿರ ಬಂದಾಗ ವೇಗ ಕಡಿಮೆ ಮಾಡಿ. ನೆತ್ತಿಯಲ್ಲಿ ನಿಂತು ಆಚೆ ನೋಡಿ ಆಮೇಲೆ ಇಳಿಯಬೇಕೇ ಹೊರತು ಹಾರಿ ಅಲ್ಲ. ಆಚೆ ಬದಿ ಏನಿದೆ ಅಂತ ಆಕಾಶ ಹೇಳುವುದಿಲ್ಲ ಅಲ್ವಾ?

ಅರ್ಧ ಏರಿ ನಿಂತರೆ ಪಕ್ಕಕ್ಕೆ ತಿರುಗಿಸುವ ಆಸೆ ಬರುತ್ತದೆ. ಬೇಡವೇ ಬೇಡ. ಓರೆಯಲ್ಲಿ ಅಡ್ಡ ತಿರುಗಿದ ಗಾಡಿ ಉರುಳುತ್ತದೆ. ರಿವರ್ಸ್ ಹಾಕಿ, ಸ್ಟಿಯರಿಂಗ್ ನೇರ ಇಟ್ಟು, ಬಂದ ಗುರುತಿನಲ್ಲೇ ಹಿಂದಕ್ಕೆ ಇಳಿಯಿರಿ. ಮುಂದಕ್ಕೆ ಇಳಿಯುವಾಗ ಗಾಡಿಯ ಬಾಲ ಅಡ್ಡ ಸರಿಯತೊಡಗಿದರೆ ಬ್ರೇಕ್ ತುಳಿಯದೆ ಜಾರುವ ದಿಕ್ಕಿಗೇ ಸ್ಟಿಯರಿಂಗ್ ತಿರುಗಿಸಿ ಸ್ವಲ್ಪ ಆಕ್ಸಿಲರೇಟರ್ ಕೊಡಿ, ಗಾಡಿ ತಾನಾಗಿ ನೇರವಾಗುತ್ತದೆ. ಸಮತಟ್ಟಿನಲ್ಲಿ ನಿಲ್ಲಿಸುವಾಗಲೂ ಬ್ರೇಕ್ ಒತ್ತಬೇಡಿ. ಒತ್ತಿದರೆ ಚಕ್ರದ ಮುಂದೆ ಮರಳಿನ ಗುಪ್ಪೆ ಕಟ್ಟಿಕೊಳ್ಳುತ್ತದೆ. ಸುಮ್ನೆ ಆಕ್ಸಿಲರೇಟರ್ ಬಿಟ್ಟರೆ ಮರಳೇ ನಿಲ್ಲಿಸುತ್ತದೆ. ಮೂತಿ ಇಳಿಜಾರಿನ ಕಡೆ ಇರುವಂತೆ ನಿಲ್ಲಿಸಿದರೆ ಮತ್ತೆ ಹೊರಡುವುದು ಸಲೀಸು.

*ಹೂತುಕೊಂಡರೆ.* ಚಕ್ರ ಸುತ್ತಿ ಗಾಡಿ ಮುಂದೆ ಹೋಗದಿದ್ದರೆ ಆ ಕ್ಷಣವೇ ಕಾಲು ತೆಗೆಯಿರಿ. ಇನ್ನೊಂದು ಸಲ ಅಂತ ಒತ್ತಿದ ಹಾಗೆಲ್ಲ ಒಂದೊಂದು ಗೇಣು ಇಳಿಯುತ್ತದೆ. ಗಾಡಿಯ ಹೊಟ್ಟೆ ಮರಳಿಗೆ ತಾಗಿದರೆ ಚಕ್ರದ ಕೆಲಸ ಮುಗಿದಂತೆ. ಸಲಿಕೆ ತೆಗೆದು ನಾಲ್ಕೂ ಚಕ್ರದ ಮುಂದಿನ ಮರಳನ್ನು ಇಳಿಜಾರಾಗಿ ಎಳೆಯಿರಿ, ಹೊಟ್ಟೆಯ ಕೆಳಗಿನದನ್ನೂ ತೆಗೆಯಿರಿ. ಗಾಳಿ ಇನ್ನೆರಡು ಮೂರು ಪಿಎಸ್‌ಐ ಇಳಿಸಿ. ರಿಕವರಿ ಬೋರ್ಡ್ (ಚಕ್ರಕ್ಕೆ ಹಿಡಿತ ಕೊಡುವ ಹಲಗೆ) ಇದ್ದರೆ ಚಕ್ರದ ಬುಡಕ್ಕೆ ತುರುಕಿ. ಆಮೇಲೆ ಮೆಲ್ಲಗೆ, ತೀರಾ ಮೆಲ್ಲಗೆ ಹೊರಡಿ. ಹತ್ತರಲ್ಲಿ ಒಂಬತ್ತು ಸಲ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು ಸುಲಭ. ಬೇರೆ ಗಾಡಿಯಿಂದ ಎಳೆಸುವುದಾದರೆ ಹಗ್ಗವನ್ನು ಗಾಡಿಯ ಗಟ್ಟಿ ಕೊಂಡಿಗೇ ಕಟ್ಟಿ. ಟ್ರೇಲರ್ ಸಿಕ್ಕಿಸುವ ಗುಂಡಾದ ಟ್ರೇಲರ್ ಬಾಲ್‌ಗೆ ಕಟ್ಟಿದರೆ ಅದು ಕಿತ್ತು ಗುಂಡಿನಂತೆ ಹಾರಿ ಜೀವ ತೆಗೆಯಬಹುದು. ಎಳೆಯುವಾಗ ಉಳಿದವರೆಲ್ಲ ದೂರ ನಿಲ್ಲಲಿ.

ಒಂಟಿ ಗಾಡಿಯಲ್ಲಿ ದಿಬ್ಬದ ಒಳಗೆ ದೂರ ಹೋಗಬೇಡಿ. ಫೋನ್ ಸಿಗ್ನಲ್ ಎಲ್ಲಾ ಕಡೆ ಸಿಗುವುದಿಲ್ಲ, ನಕ್ಷೆ ಮೊದಲೇ ಇಳಿಸಿಕೊಂಡಿರಿ. ಮರಳಿನ ನಡುವೆ ಎದ್ದಿರುವ ಬಂಡೆಯ ಹಾದಿಗಳು ಬೇರೆಯೇ ಲೋಕ. ದೊಡ್ಡ ಚಕ್ರದ ಜೀಪುಗಳು ಗೋಡೆ ಹತ್ತುವುದನ್ನು ನೋಡಲು ಚೆನ್ನ. ಹೊಸಬರು ದೂರ ನಿಂತು ನೋಡಿದರೆ ಸಾಕು. ಗಿಡಗಂಟಿ ಬೆಳೆದ ಜಾಗಕ್ಕೆ ಚಕ್ರ ಇಳಿಸಬೇಡಿ, ಮರುಭೂಮಿಯ ಒಂದು ಪೊದೆ ಬೆಳೆಯಲು ಎಷ್ಟೋ ವರ್ಷ ಹಿಡಿಯುತ್ತದೆ.

ಬೇಸಿಗೆಯಲ್ಲಿ ಒಂಬತ್ತೂವರೆಗೆ, ಉಳಿದ ಕಾಲದಲ್ಲಿ ಹನ್ನೊಂದಕ್ಕೆ ಮರಳಿನಿಂದ ಹೊರಗೆ ಬನ್ನಿ.

ಹಂತ 5: ಮಧ್ಯಾಹ್ನ ಏನೂ ಮಾಡದಿರುವುದು

ನೆರಳು, ಊಟ, ನಿದ್ದೆ. ಇಲ್ಲಿ ಮರ ಕಡಿಮೆ, ನೆರಳನ್ನು ನೀವೇ ತರಬೇಕು. ಮರಳಿನಲ್ಲಿ ಮಾಮೂಲಿ ಟೆಂಟ್ ಗೂಟ ನಿಲ್ಲುವುದಿಲ್ಲ, ಮೊದಲ ಗಾಳಿಗೇ ಕಿತ್ತು ಬರುತ್ತದೆ. ಅದಕ್ಕೊಂದು ಉಪಾಯ: ಬಟ್ಟೆ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಒಂದಡಿ ಆಳದ ಗುಂಡಿಯಲ್ಲಿ ಅಡ್ಡ ಮಲಗಿಸಿ ಮುಚ್ಚಿ, ಮೇಲೆ ತುಳಿಯಿರಿ. ಹಗ್ಗದ ಇನ್ನೊಂದು ತುದಿ ಚಪ್ಪರಕ್ಕೆ. ನಾಲ್ಕು ಮೂಲೆಗೂ ಹೀಗೆ ಮಾಡಿದರೆ ಸಂಜೆಯ ಗಾಳಿಗೂ ಅಲ್ಲಾಡುವುದಿಲ್ಲ. ಚಪ್ಪರ ಬಿಟ್ಟು ಹೋಗುವಾಗ ಮಡಚಿಟ್ಟೇ ಹೋಗಿ.

ಚಪ್ಪಲಿ ಇಲ್ಲದೆ ಹತ್ತು ಹೆಜ್ಜೆಯೂ ಬೇಡ. ಗಾಡಿಯೊಳಗೆ ಮಗುವನ್ನಾಗಲಿ ನಾಯಿಯನ್ನಾಗಲಿ ಐದು ನಿಮಿಷಕ್ಕೂ ಬಿಡಬೇಡಿ.

ಸಂಜೆ ಗಾಳಿ ಇಳಿದರೆ ದಡದಲ್ಲಿ ಸ್ವಲ್ಪ ಕಾಲಾಡಿಸಬಹುದು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಕ್ಯಾಂಪಿನಲ್ಲಿ ಸದ್ದು ಮಾಡುವಂತಿಲ್ಲ. ಬೆಂಕಿ ಹಾಕುವ ಮೊದಲು ನಿಷೇಧ ಇದೆಯಾ ಅಂತ ಗೇಟಿನಲ್ಲಿ ಕೇಳಿ, ಬೇಸಿಗೆಯಲ್ಲಿ ಇರುವುದೇ ಜಾಸ್ತಿ.

ಹಂತ 6: ಎರಡನೇ ಬೆಳಗು, ನೀರು

ಸೂರ್ಯ ಹುಟ್ಟಿ ಎರಡು ಮೂರು ಗಂಟೆ ಜಲಾಶಯ ಹೆಚ್ಚಾಗಿ ಅಲುಗಾಡದೆ ಇರುತ್ತದೆ. ಕಯಾಕ್, ಪ್ಯಾಡಲ್ ಬೋರ್ಡ್‌ನವರ ಹೊತ್ತು ಇದು. ಮೋಟಾರ್ ದೋಣಿಗಳು ಎದ್ದು ಬರುವ ಮೊದಲು ನೀರಿನಿಂದ ಎದ್ದ ಕೆಂಪು ಬಂಡೆಗಳ ಸಂದಿಯಲ್ಲಿ ಸುತ್ತಾಡಿ ಬರಬಹುದು.

ಹೊರಡುವ ಮೊದಲು ಗಾಳಿ ಎತ್ತ ಬೀಸುತ್ತಿದೆ ನೋಡಿ, ಮೊದಲು ಅದಕ್ಕೆ ಎದುರಾಗಿ ಹೋಗಿ. ದಣಿದು ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗೆ ಬರುತ್ತದೆ. ಉಲ್ಟಾ ಮಾಡಿದವರು ಆಚೆ ದಡದಲ್ಲಿ ಕೂತು ಕೈ ಬೀಸುವುದನ್ನು ಇಲ್ಲಿ ಆಗಾಗ ನೋಡಬಹುದು. ಗಾಳಿ ತುಂಬಿದ ಬಾತುಕೋಳಿ, ಡೋನಟ್ ಆಕಾರದ ತೇಲುವ ಆಟಿಕೆಗಳು ಇನ್ನೂ ಅಪಾಯ. ದಡದಿಂದ ನೀರಿನ ಕಡೆ ಗಾಳಿ ಬೀಸಿದರೆ ಕೈಯಲ್ಲಿ ಹುಟ್ಟು ಹಾಕಿ ವಾಪಸ್ ಬರಲು ಆಗುವುದಿಲ್ಲ. ಹಗ್ಗ ಕಟ್ಟಿ ದಡದಲ್ಲಿ ಒಬ್ಬರು ಹಿಡಿದಿರಲಿ.

ಲೈಫ್ ಗಾರ್ಡ್ ಇಲ್ಲ. ಇದನ್ನು ಮನೆಯವರಿಗೆಲ್ಲ ಒಮ್ಮೆ ಗಟ್ಟಿಯಾಗಿ ಹೇಳಿ. ದೋಣಿಯಲ್ಲಿ, ಕಯಾಕ್‌ನಲ್ಲಿ, ಪ್ಯಾಡಲ್ ಬೋರ್ಡ್‌ನಲ್ಲಿ ಕೂಡ, ತಲೆಗೊಂದು ಲೈಫ್ ಜಾಕೆಟ್ ಇರಬೇಕು. 12 ವರ್ಷದವರೆಗಿನ ಮಕ್ಕಳು ದೋಣಿ ಚಲಿಸುವಾಗ ಹಾಕಿಕೊಂಡೇ ಇರಬೇಕು. ಜೆಟ್ ಸ್ಕೀ ಮೇಲಿದ್ದರೆ ವಯಸ್ಸು ಎಷ್ಟಿದ್ದರೂ ಹಾಕಿಕೊಳ್ಳಬೇಕು. ಮಕ್ಕಳ ಜಾಕೆಟ್ ಕೊಳ್ಳುವಾಗ ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡಿ. ಕಿವಿಯವರೆಗೆ ಜಾಕೆಟ್ ಏರಿದರೆ ಅದು ದೊಡ್ಡದು, ನೀರಲ್ಲಿ ಮಗು ಕೆಳಗೆ ಜಾರುತ್ತದೆ.

ಮೋಟಾರ್ ದೋಣಿಯವರಿಗೆ ಮುಖ್ಯವಾದದ್ದು ಎರಡು. ಈಜುವವರು, ಬೇರೆ ದೋಣಿ, ದಡದ ಮೀನುಗಾರರು, ದೋಣಿ ಇಳಿಸುವ ರ‍್ಯಾಂಪ್ ಇವುಗಳಿಂದ 150 ಅಡಿಯೊಳಗೆ ಅಲೆ ಏಳದಷ್ಟು ಮೆಲ್ಲಗೆ ಹೋಗಬೇಕು. ಸ್ಕೀ ಅಥವಾ ಟ್ಯೂಬ್ ಎಳೆಯುವಾಗ ಓಡಿಸುವವರಲ್ಲದೆ ಹಿಂದೆ ನೋಡುತ್ತಿರಲು 8 ವರ್ಷ ತುಂಬಿದ ಇನ್ನೊಬ್ಬರು ಬೇಕು. ಎಳೆಸಿಕೊಳ್ಳುತ್ತಿದ್ದವರು ನೀರಿಗೆ ಬಿದ್ದ ಕೂಡಲೇ ಈ ಹಿಂದೆ ನೋಡುವವರು ಕಿತ್ತಳೆ ಬಾವುಟ ಎತ್ತಬೇಕು.

ಬಂಡೆಯಿಂದ ಹಾರುವ ಚಟ ಇಲ್ಲಿ ಜೋರು. ಹಾರಲೇಬೇಕು ಅಂದರೆ ಮೊದಲು ನೀರಿಗಿಳಿದು, ಈಜುವ ಕನ್ನಡಕ ಹಾಕಿ, ಹಾರುವ ಜಾಗದ ಅಡಿ ಮುಳುಗಿ ನೋಡಿ ಬನ್ನಿ. ಬೇರೆ ಯಾರೋ ಹಾರಿದರು ಅನ್ನುವುದು ಸಾಕ್ಷಿಯಲ್ಲ. ತಲೆ ಕೆಳಗಾಗಿ ಯಾವತ್ತೂ ಬೇಡ.

ಬೆಚ್ಚಗಿನ, ಆಳವಿಲ್ಲದ, ಬಾತುಕೋಳಿ ಓಡಾಡುವ ನೀರಿನಲ್ಲಿ ತುಂಬಾ ಹೊತ್ತು ಕೂತರೆ ಮೈ ಕಡಿಯಬಹುದು. ಹಕ್ಕಿ ಮತ್ತು ಬಸವನಹುಳುಗಳ ನಡುವೆ ಬದುಕುವ ಪರಾವಲಂಬಿ ಹುಳುವಿನ ಮರಿ ದಾರಿ ತಪ್ಪಿ ನಮ್ಮ ಚರ್ಮಕ್ಕೆ ನುಗ್ಗುತ್ತದೆ, ಅಲ್ಲೇ ಸಾಯುತ್ತದೆ. ಅಪಾಯವಿಲ್ಲ, ಕಿರಿಕಿರಿ ಅಷ್ಟೇ. ಮೇಲೆ ಬಂದ ತಕ್ಷಣ ಟವೆಲ್‌ನಿಂದ ಗಸಗಸ ಉಜ್ಜಿಕೊಂಡರೆ ಬಹುಪಾಲು ತಪ್ಪುತ್ತದೆ. ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಕಂಡ ಕಡೆ ಮಾತ್ರ ಇಳಿಯಲೇಬೇಡಿ, ನಾಯಿಯನ್ನೂ ಬಿಡಬೇಡಿ.

ಮೀನಿಗೂ ಇದೇ ಹೊತ್ತು. ಲಾರ್ಜ್‌ಮೌತ್ ಬಾಸ್ ಮತ್ತು ಬ್ಲೂಗಿಲ್ ಇಲ್ಲಿನ ಮುಖ್ಯ ಮೀನುಗಳು. ಬಾಸ್ ಬಂಡೆ ಮರೆಯಲ್ಲಿ ಅವಿತಿರುತ್ತದೆ. ಮಕ್ಕಳಿಗೆ ಬ್ಲೂಗಿಲ್ ಸಾಕು. ಸಣ್ಣ ಕೊಕ್ಕೆ, ಎರೆಹುಳದ ಚೂರು, ಬೆಂಡು ಇದ್ದರೆ ದಡದಲ್ಲೇ ಸಿಗುತ್ತದೆ. ಎಷ್ಟು ಮೀನು ಇಟ್ಟುಕೊಳ್ಳಬಹುದು ಅನ್ನುವ ನಿಯಮ ಆಗಾಗ ಬದಲಾಗುತ್ತದೆ, ಆ ವರ್ಷದ ಪುಸ್ತಿಕೆ ನೋಡಿ.

ಹಂತ 7: ಹೊರಡುವ ಮೊದಲು

ದೋಣಿ ತಂದವರಿಗೆ ಕೆಲಸ ಇನ್ನೂ ಮುಗಿದಿಲ್ಲ. ಕ್ವಾಗಾ ಅನ್ನೋ ಉಗುರಿನಷ್ಟು ಗಾತ್ರದ ಕಪ್ಪೆಚಿಪ್ಪು 2007ರ ಜನವರಿಯಲ್ಲಿ ಕೊಲರಾಡೋ ನದಿಯ ಜಲಾಶಯವಾದ ಲೇಕ್ ಮೀಡ್‌ನಲ್ಲಿ ಸಿಕ್ಕಿತು, ಆಮೇಲೆ ಅದೇ ನದಿಯ ಇನ್ನೊಂದು ಜಲಾಶಯ ಲೇಕ್ ಪವೆಲ್‌ಗೂ ಹಬ್ಬಿತು. ಒಮ್ಮೆ ನೆಲೆಯೂರಿದರೆ ಪೈಪು, ಪಂಪು, ಕಟ್ಟೆಯ ಕಿಂಡಿ ಎಲ್ಲಕ್ಕೂ ಪದರ ಪದರವಾಗಿ ಅಂಟಿಕೊಳ್ಳುತ್ತದೆ. ಸ್ಯಾಂಡ್ ಹಾಲೋದ ನೀರು ಪೈಪಿನಲ್ಲೇ ಬರುವುದು, ಹಾಗಾಗಿ ಇಲ್ಲಿನವರಿಗೆ ಇದು ದೊಡ್ಡ ಭಯ. ಬರುವಾಗಲೂ ತಪಾಸಣೆ ಇರುತ್ತದೆ. ಈಚೆಗೆ ಮೀಡ್‌ಗೋ ಪವೆಲ್‌ಗೋ ಹೋಗಿದ್ದ ದೋಣಿಯಾದರೆ ಅದನ್ನು ಮುಚ್ಚಿಡದೆ ಹೇಳಿ.

ಮಾಡಬೇಕಾದದ್ದು ಮೂರು ಕೆಲಸ. ಅಂಟಿದ ಗಿಡ, ಕೆಸರು ತೆಗೆದು ಸ್ವಚ್ಛ ಮಾಡಿ. ದೋಣಿಯ ಒಳಗಿನ ನೀರನ್ನೆಲ್ಲ ಹರಿಸಿ ಖಾಲಿ ಮಾಡಿ. ಆಮೇಲೆ ಒಣಗಲು ಬಿಡಿ. ಬೇರೆ ನೀರಿಗೆ ಇಳಿಸುವ ಮೊದಲು ಬೇಸಿಗೆಯಲ್ಲಿ 7 ದಿನ, ವಸಂತ ಮತ್ತು ಶರತ್ಕಾಲದಲ್ಲಿ 18 ದಿನ, ಚಳಿಗಾಲದಲ್ಲಿ 30 ದಿನ ಒಣಗಿಸಬೇಕು ಅನ್ನುವುದು ಯೂಟಾದಲ್ಲಿ ಹೇಳುವ ಲೆಕ್ಕ. ಕಯಾಕ್, ಪ್ಯಾಡಲ್ ಬೋರ್ಡ್‌ಗೂ ಇದನ್ನೇ ಮಾಡಿ. ರಸ್ತೆಯಲ್ಲಿ ದೋಣಿ ಸಾಗಿಸುವಾಗ ತಳದ ಬಿರಡೆ ತೆಗೆದೇ ಇರಬೇಕು, ಹಾಕಿಕೊಂಡು ಹೋದರೆ ದಂಡ ಬೀಳಬಹುದು. ಆ ಬಿರಡೆಯನ್ನು ಗಾಡಿಯ ಕೀಲಿ ಗೊಂಚಲಿಗೆ ಕಟ್ಟಿಡಿ. ಇಲ್ಲವಾದರೆ ಮುಂದಿನ ಸಲ ರ‍್ಯಾಂಪಿನಲ್ಲಿ ದೋಣಿ ಇಳಿಸಿದ ಮೇಲೆ ನೆನಪಾಗುತ್ತದೆ.

ಮರಳಿಗೆ ಗಾಡಿ ಇಳಿಸಿದವರು ಹೆದ್ದಾರಿಗೆ ಹೋಗುವ ಮೊದಲು ಟೈರಿಗೆ ಗಾಳಿ ತುಂಬಿಸಿ. 15 ಪಿಎಸ್‌ಐನಲ್ಲಿ ಎಪ್ಪತ್ತು ಮೈಲಿ ವೇಗದಲ್ಲಿ ಓಡಿದರೆ ಟೈರ್ ಕಾದು ಸಿಡಿಯಬಹುದು. ಏರ್ ಫಿಲ್ಟರ್ ತೆಗೆದು ಒಮ್ಮೆ ತಟ್ಟಿ ನೋಡಿ, ಎಷ್ಟು ಮರಳು ಉದುರುತ್ತದೆ ಅಂತ ಆಶ್ಚರ್ಯಪಡುತ್ತೀರಿ.

ಇನ್ನೂ ಅರ್ಧ ದಿನ ಇದ್ದರೆ ಹತ್ತಿರದಲ್ಲೇ ಕ್ವೇಲ್ ಕ್ರೀಕ್ ಜಲಾಶಯ ಇದೆ. 1989ರ ಜನವರಿ 1ರಂದು ಅದರ ಒಡ್ಡು ಒಡೆದು ವರ್ಜಿನ್ ನದಿಗುಂಟ ಪ್ರವಾಹ ಬಂದಿತ್ತು, ಆಮೇಲೆ ಮತ್ತೆ ಕಟ್ಟಿದರು. ಮಕ್ಕಳಿದ್ದರೆ ನಾನು ವಾರ್ನರ್ ವ್ಯಾಲಿ ಕಡೆ ಕಳಿಸುತ್ತೇನೆ. ಅಲ್ಲಿ ಬಂಡೆಯ ಮೇಲೆ ಡೈನೋಸಾರ್ ಹೆಜ್ಜೆಗಳು ಅಚ್ಚಾಗಿವೆ, ಮೂರು ಬೆರಳಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ದಾರಿ ಮಣ್ಣಿನದು, ಮಳೆ ಬಂದ ಮರುದಿನ ಹೋಗಬೇಡಿ. ಅಲ್ಲಿಯೂ ನೆರಳಿಲ್ಲ, ಬೆಳಿಗ್ಗೆಯೇ ಹೋಗಿ.